ಹೇಳದೆ ಬಿಟ್ಟ ಸಮುದ್ರ

"ಬಾಯಿ ಮುಚ್ಕೊಂಡು ಸಮುದ್ರಕ್ಕ ಹೋಗೂದಂದ್ರ ಏನು? ತಲಿ ನೆಟ್ಟಗ ಐತೋ ಇಲ್ಲೋ ನಿಂದು?" ಎಂದು ನಾನು ಚಹಾದ ಬಸಿಯನ್ನು ನೆಲಕ್ಕೆ ಕುಕ್ಕಿದೆ. ಬಸಿಯ ಅಂಚು ಮುರಿಯಿತು. ಮುರಿದದ್ದು ನೋಡಿ ಸಿಟ್ಟು ಇನ್ನಷ್ಟು ಏರಿತು.

"ತಲಿ ನೆಟ್ಟಗ ಐತಿ ವೈನಿ. ನೆಟ್ಟಗಿಲ್ಲದ್ದು ನಿನ್ನ ಬಾಯಿ," ಎಂದಳು ದುಂಡವ್ವ. ಅವಳು ನನ್ನ ನಾದಿನಿ, ಗಂಡನ ತಂಗಿ. ಲಗ್ನ ಆಗಿಲ್ಲ. ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಪುರುಸೊತ್ತು ಸಿಗಲಿಲ್ಲ ಅನ್ನುತ್ತಾಳೆ. ನಾನು ಈ ಮನೆಗೆ ಬಂದಾಗಿನಿಂದ ಅವಳೂ ನಾನೂ ಜಗಳವಾಡುತ್ತಲೇ ಬಂದಿದ್ದೇವೆ. ಅಡುಗೆಮನೆಯಲ್ಲಿ ಶುರುವಾದದ್ದು ನಮ್ಮ ಹಿಟ್ಟಿನ ಗಿರಣಿಯಲ್ಲಿ ಮುಂದುವರಿದು, ಹಾಸಿಗೆ ಹಾಸುವ ಹೊತ್ತಿಗೆ ನಿಲ್ಲುತ್ತದೆ. ಬೆಳಿಗ್ಗೆ ನಿಂತಲ್ಲಿಂದಲೇ ಮತ್ತೆ ಶುರು.

"ಘಟ್ಟ ಇಳಿಯೂತನಕ ಎಲ್ಲಾ ಹೇಳೂಣು. ತೆಂಗಿನ ಗಿಡ ಬಂದ್ವು ಅನ್ನೂದೂ ಹೇಳೂಣು. ಅಲ್ಲಿ ಗಾಡಿ ನಿಲ್ಲಿಸಿ ಸುಮ್ಮನಾಗೂಣು. ಮುಂದ ಏನೈತೋ ಅದು ತಾನ ಬರ್ಲಿ," ಎಂದಳು.

"ತಾನ ಹೆಂಗ ಬರ್ತೈತಿ? ನಿಮ್ಮಪ್ಪ ಕಳಿಸ್ತಾನೇನು?"

"ನಮ್ಮಪ್ಪನ ಸುದ್ದಿ ತೆಗೀಬ್ಯಾಡ."

"ಆ ಅಪ್ಪ ನನಗೂ ಅಪ್ಪನ," ಎಂದು ಕಂಬಕ್ಕೆ ಒರಗಿ ಕೂತಿದ್ದ ನಮ್ಮ ಯಜಮಾನರು ಕಣ್ಣು ತೆರೆಯದೆಯೇ ಅಂದರು. ಅವರ ಹೆಸರು ಅಡಿವೆಪ್ಪ. "ಅವನ್ನ ಇಬ್ರೂ ಬಿಡ್ರಿ. ಚಹಾ ಎಲ್ಲೆಲ್ಲಿ ಕುಡಿಯೂದು ಅನ್ನೂದು ಪಕ್ಕಾ ಆತಲ್ಲ? ಉಳಿದದ್ದು ನೀವ ನೋಡ್ಕೊಳ್ರಿ."

ಅಂಗಳದಲ್ಲಿ ನನ್ನ ಮೋಟರ್ ಸೈಕಲ್ ನಿಂತಿತ್ತು. ತೊಳೆದಿದ್ದೆ, ಚೈನಿಗೆ ಎಣ್ಣೆ ಬಿಟ್ಟಿದ್ದೆ, ಪೆಟ್ರೋಲ್ ಟಾಕಿ ತುಂಬಿಸಿದ್ದೆ. ಊರೊಳಗೆ ಮನೆಮನೆಗೆ ಹಿಟ್ಟು ಒಯ್ಯಲು ಇಟ್ಟುಕೊಂಡ ಗಾಡಿ ಅದು. ಮುದಿಯಾಗಿದೆ, ನನ್ನಷ್ಟೇ ಸಿಡುಕು, ಆದರೆ ಘಟ್ಟ ಹತ್ತುವಾಗ ಒಂದು ದಿನವೂ ಕೈಕೊಟ್ಟಿಲ್ಲ. ಕರೆಂಟ್ ಇಲ್ಲದ ದಿನ ಗಿರಣಿ ನಿಂತಿರುತ್ತದೆ. ಅವತ್ತೇ ನಾವು ಮೂವರೂ ದಾರಿಗೆ ಕೂರುವುದು.

ನಮ್ಮೂರಲ್ಲಿ ಹೋಗುವುದೆಂದರೆ ಕೂರುವುದು. ಗಾಡಿ ಕಣ್ಣೆದುರು ಇರಬೇಕು. ಹೋಗುವವರೆಲ್ಲ ಪಡಸಾಲೆಯಲ್ಲಿ ಕೂತು, ದಾರಿಯನ್ನು ಮೊದಲಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಬೇಕು. ಎಲ್ಲಿ ತಿರುವು, ಎಲ್ಲಿ ಗೇರು ಇಳಿಸುವುದು, ಎಲ್ಲಿ ಬುತ್ತಿ ಬಿಚ್ಚುವುದು, ಎಲ್ಲಿ ಸೊಂಟ ಹಿಡಿಯುತ್ತದೆ, ಎಲ್ಲವನ್ನೂ. ತಿರುಗಿ ಮನೆಗೆ ಬಂದು ಸ್ಟ್ಯಾಂಡ್ ಹಾಕುವವರೆಗೆ ಹೇಳಿ ಮುಗಿಸಿ ಎಲ್ಲರೂ 'ಸೈ' ಅಂದರೆ ಆಯಿತು, ಹೋಗಿ ಬಂದೆವು. ಮೂಗಿನ ತುದಿ ಬಿಸಿಲಿಗೆ ಸುಟ್ಟಿರುತ್ತದೆ. ಗಾಲಿಗೆ ಘಟ್ಟದ ಕೆಂಪು ಮಣ್ಣು ಮೆತ್ತಿರುತ್ತದೆ. ಟಾಕಿ ಖಾಲಿಯಾಗಿ ಮೀಟರು ತಿರುಗಿರುತ್ತದೆ. ಕಣ್ಣು ಮುಚ್ಚಿದರೆ ತಿರುವುಗಳು ಇನ್ನೂ ತಿರುಗುತ್ತಿರುತ್ತವೆ.

ಹೇಳಿದ್ದು ಇರುತ್ತದೆ, ಹೇಳದ್ದು ಇರುವುದಿಲ್ಲ, ಅಷ್ಟೇ. ಅದಕ್ಕೇ ದಾರಿಗೆ ಕೂರುವವರು ಎಚ್ಚರದಿಂದ ಕೂರಬೇಕು. ಪಕ್ಕದ ಮನೆಯ ಮೋನಪ್ಪ ಒಮ್ಮೆ ಚಪ್ಪಲಿ ಮೆಟ್ಟಿಕೊಂಡೆ ಎಂದು ಹೇಳುವುದನ್ನು ಮರೆತು, 'ಸೈ' ಅಂದು ಎದ್ದಾಗ ಅಂಗಾಲು ಪೂರ್ತಿ ಒಡೆದುಹೋಗಿತ್ತು. ಹೊಸದಾಗಿ ಲಗ್ನವಾದ ಗಂಡಹೆಂಡತಿ ಕೂತಾಗ, ಬರುವಾಗ ಹೆಂಡತಿಯೂ ಗಾಡಿ ಹತ್ತಿದಳು ಅನ್ನುವ ಮಾತು ಇಬ್ಬರಿಗೂ ತಪ್ಪಿಹೋಯಿತು. ಹುಡುಗಿ ಅಂಗಳದಲ್ಲೇ ಕೂತಿದ್ದಳು, ಆದರೆ ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ, ಇಲ್ಲಿ ಭಾಳ ಥಂಡಿ ಐತಿ ಅನ್ನುತ್ತಿದ್ದಳು. ಮರುದಿನ ಅತ್ತೆ ಮಾವ ಸೇರಿ ಮತ್ತೆ ದಾರಿಗೆ ಕೂತು ಅವಳನ್ನು ಘಟ್ಟದಿಂದ ಕರೆದುಕೊಂಡು ಬಂದರು. ಆ ಅತ್ತೆ ಇವತ್ತಿಗೂ ಅದನ್ನು ಆಡಿ ತೋರಿಸುತ್ತಾಳೆ.

ಕಾಲಿನಿಂದಲೋ ಗಾಲಿಯಿಂದಲೋ ನಿಜಕ್ಕೂ ಎದ್ದು ಹೋಗಬಾರದೇ ಎಂದು ಯಾರೂ ಕೇಳಿದ್ದಿಲ್ಲ. ಕೂತು ಮುಗಿಯುವ ಕೆಲಸಕ್ಕೆ ಎದ್ದು ಯಾಕೆ ಹೋಗಬೇಕು?

ನಮ್ಮ ಘಟ್ಟವನ್ನು ನೋಡಬೇಕು ನೀವು. ತಲೆತಲಾಂತರದಿಂದ ಊರಿನವರು ಕೂತು ಕೂತು ಅದನ್ನು ತುಂಬಿಸಿದ್ದಾರೆ. ಒಬ್ಬರು ಒಂದು ಝರಿ ಸೇರಿಸಿದರು, ಇನ್ನೊಬ್ಬರು ಅದರ ಮೇಲೊಂದು ಸೇತುವೆ, ಮತ್ತೊಬ್ಬರು ಸೇತುವೆಯ ಮೇಲೆ ಪೇರಲ ಹಣ್ಣು ಮಾರುವ ಮುದುಕಿ. ಬೆಳಗಿನ ಮಂಜು ಗಲ್ಲಕ್ಕೆ ತಾಗುವಾಗ ಒದ್ದೆ ಅರಿವೆಯಿಂದ ಒರೆಸಿದ ಹಾಗಿರುತ್ತದೆ. ಅದನ್ನು ಹಾಗೆ ಹೇಳಿದವಳು ನನ್ನ ಅತ್ತೆ. ಈಗ ಊರಿನ ಎಲ್ಲರಿಗೂ ಆ ಮಂಜು ಹಾಗೆಯೇ ತಾಗುತ್ತದೆ. ಚಹಾದಂಗಡಿಗಳಂತೂ ಅತಿಯಾಗಿವೆ. ನಮ್ಮ ಮಂದಿಗೆ ಚಹಾ ಅಂದರೆ ಪ್ರಾಣ. ಪ್ರತಿ ತಿರುವಿಗೂ ಯಾರೋ ಒಬ್ಬರು ಒಂದು ಅಂಗಡಿ ಇಟ್ಟುಬಿಟ್ಟಿದ್ದಾರೆ. ಕೆಲವು ಕಡೆ ಎರಡು ಅಂಗಡಿ ಎದುರುಬದುರಾಗಿ ನಿಂತು ಗಾಡಿ ತಿರುಗಿಸಲೂ ಜಾಗವಿಲ್ಲ.

ಸಮುದ್ರ ಮಾತ್ರ ಬಡವಾಗಿ ಉಳಿಯಿತು. ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ಹೇಳಿದ್ದು ಇಷ್ಟೇ. ನಮ್ಮ ಕೆರೆಯ ಹಾಗೆ ಇರುತ್ತದೆ, ಆಚೆ ದಂಡೆ ಕಾಣುವುದಿಲ್ಲ, ನೀರು ಉಪ್ಪು, ದಡದಲ್ಲಿ ಮರಳು. ಅದರ ಮೇಲೆ ಯಾರೂ ಏನೂ ಸೇರಿಸಲಿಲ್ಲ. ಸೇರಿಸಲು ಏನಿದೆ? ಘಟ್ಟ ಇಳಿದು, ತೆಂಗಿನ ಸಾಲು ದಾಟಿ, ಹೋಗಿ ನಿಂತು, ಬೆರಳು ಅದ್ದಿ ನೆಕ್ಕಿ, ಉಪ್ಪೈತಿ ಎಂದು ತಿರುಗಿ ಬರುವುದು. ನನಗಂತೂ ಬೇಸರ ಬರುತ್ತಿತ್ತು. ಘಟ್ಟದವರೆಗೆ ಹೋದವರು ಅಲ್ಲಿಗೂ ಹೋಗಲಿಲ್ಲವೇ ಎಂದು ಜನ ಕೇಳಬಾರದು ಅಂತ ಹೋಗಿ ಬರುತ್ತಿದ್ದೆ.

ಇದೆಲ್ಲ ಕೆಟ್ಟದ್ದು ಪೆಟ್ರೋಲ್ ಟ್ಯಾಂಕರಿನ ಹೊಸ ಡ್ರೈವರಿನಿಂದ. ಟ್ಯಾಂಕರು ಮೂಡಣ ದಾರಿಯಿಂದ ಬಂದು ಬಂಕಿಗೆ ಪೆಟ್ರೋಲ್ ಇಳಿಸಿ ಅದೇ ದಾರಿಯಲ್ಲಿ ಹೋಗುತ್ತದೆ. ಮೊದಲಿನ ಡ್ರೈವರು ಮಾತೇ ಆಡುತ್ತಿರಲಿಲ್ಲ. ಈ ಹೊಸಬ ಕರಾವಳಿಯವನಂತೆ, ಬಾಯಿ ಸುಮ್ಮನಿರುತ್ತಿರಲಿಲ್ಲ. ನಾನೂ ದುಂಡವ್ವನೂ ಪೆಟ್ರೋಲ್ ಹಾಕಿಸಲು ನಿಂತಿದ್ದೆವು. ನಮ್ಮ ಸುಟ್ಟ ಮೂಗು ನೋಡಿ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ. ಸಮುದ್ರಕ್ಕ, ಎಂದಳು ದುಂಡವ್ವ.

"ಓ, ನಮ್ಮ ಕಡೆಗೆ. ಅಲೆ ಹೇಗುಂಟು ಈಗ? ಜೋರುಂಟಾ?"

"ಅಲಿ ಇರಲಿಲ್ಲ. ಗಾಳಿ ಇರಲಿಲ್ಲಲ್ಲ."

ಅವನು ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ ಇವಳನ್ನು ನೋಡಿದ. "ಅಲೆ ಇಲ್ಲದ ಸಮುದ್ರವಾ? ಯಾವುದು ಮಾರಾಯ್ತಿ ಅದು? ಅದಕ್ಕೆ ಗಾಳಿ ಬೇಡ, ಎಂಥದೂ ಬೇಡ. ಒಂದು ಗಳಿಗೆ ಸುಮ್ಮನೆ ಇರುದಿಲ್ಲ ಅದು. ಓಡಿಕೊಂಡು ಬರ್ತದೆ, ಕಾಲು ಹಿಡಿತದೆ, ಪುನಃ ಹೋಗ್ತದೆ. ಹಗಲು ರಾತ್ರಿ ಬೊಬ್ಬೆ ಹೊಡಿತಾ ಇರ್ತದೆ."

"ನೀರು ಬೊಬ್ಬಿ ಹೊಡೀತೈತಿ?" ಎಂದೆ ನಾನು. "ಹಗಲ ಹನ್ನೆರಡಕ್ಕ ಏನು ಕುಡದು ಗಾಡಿ ಹೊಡೀತೀಯಪ್ಪಾ ನೀನು?"

"ನಾನು ಕುಡಿಲಿಲ್ಲಕ್ಕ. ನೀವೇ ಕಣ್ಣು ಕಿವಿ ಎರಡೂ ಮುಚ್ಚಿಕೊಂಡು ನಿಂತದ್ದು ಅಂತ ಕಾಣ್ತದೆ," ಎಂದು ನಕ್ಕು ಅವನು ಪೈಪು ಸುತ್ತಿದ.

ಅಂದಿನಿಂದ ದುಂಡವ್ವ ರೊಟ್ಟಿ ಬಡಿಯುವಾಗ ನಡುವೆ ಕೈ ನಿಲ್ಲಿಸಿಬಿಡುವಳು. ಗೋಧಿ ಹೊಯ್ಯುವಾಗ ಡಬ್ಬಿ ತುಂಬಿ ಚೆಲ್ಲಿದರೂ ನೋಡುತ್ತ ನಿಲ್ಲುವಳು. ಏನೇ ಎಂದರೆ, "ಸುಮ್ಮನಿರಂಗಿಲ್ಲಂತ, ವೈನಿ. ಯಾಕ ಸುಮ್ಮನಿರಂಗಿಲ್ಲ ಅದು?" ಎನ್ನುವಳು. ನನಗೇನು ಗೊತ್ತು? ನೀರಿಗೆ ನೆಗಡಿ ಬಂದಿರಬೇಕು ಎಂದೆ. ಆದರೆ ಸುಳ್ಳು ಯಾಕೆ ಹೇಳಲಿ, ಆ ಮಾತು ನನ್ನ ತಲೆಯಲ್ಲೂ ಹೊಕ್ಕಿತ್ತು. ಕೆರೆಯ ದಂಡೆಯಲ್ಲಿ ಅರಿವೆ ಒಗೆಯುವಾಗ ನೀರು ನೋಡುವುದು ನನಗೂ ರೂಢಿಯಾಯಿತು.

ಮುಂದಿನ ಸಲ ಕರೆಂಟ್ ಹೋದಾಗ ಡ್ರೈವರು ಹೇಳಿದ ಹಾಗೇ ಹೇಳೋಣ ಎಂದು ನಾನೇ ಅಂದೆ. ಅದರಲ್ಲೇನು ಕಷ್ಟ? ಅವತ್ತು ದುಂಡವ್ವ ಇನ್ನೊಂದು ಹಟ ಹಿಡಿದಳು: ಘಟ್ಟ ಇಳಿಯುವಾಗ ಗಾಡಿ ನಾನು ಹೊಡೆಯುತ್ತೇನೆ. ಅದೂ ಆಗಲಿ ಎಂದೆ. ಒಂದೊಂದು ತಿರುವಿಗೂ ಅವಳು, "ಈಗ ಕ್ಲಚ್ ಹಿಡದೆ, ಈಗ ಬ್ರೇಕ್ ಒತ್ತಿದೆ," ಎಂದು ಹೇಳುತ್ತ ಹೋದಳು. ನಾನು ಹಿಂದೆ ಕೂತು ಬಯ್ಯುತ್ತ ಹೋದೆ, ಬಯ್ದದ್ದೂ ದಾರಿಯಲ್ಲಿ ಸೇರಿತು. ಕೆಳಗೆ ಹೋಗಿ ನಿಂತೆವು. ನೀರು ಓಡಿಕೊಂಡು ಬಂತು, ಕಾಲು ಹಿಡಿಯಿತು, ಹೋಯಿತು, ಬೊಬ್ಬೆ ಹೊಡೆಯಿತು, ಎಂದು ದುಂಡವ್ವ ಹೇಳಿದಳು. ಮನೆಗೆ ಬಂದೆವು ಎಂದೆ ನಾನು. ಮೂವರೂ 'ಸೈ' ಅಂದೆವು.

ನೀರು ಬಂದದ್ದು ನಿಜ. ಕುರಿ ಓಡಿ ಬಂದ ಹಾಗೆ ಬಂತು. ಕಾಲು ಹಿಡಿಯಿತು, ಮೀನಖಂಡದ ಮೇಲೆ ಹಿಡಿದ ಗುರುತು ಕೂಡ ಉಳಿದಿತ್ತು. ಹೋಯಿತು. ಹೋದದ್ದು ಹೋಯಿತು. ಒಂದೇ ಸಲ ಬಂದು ಒಂದೇ ಸಲ ಹೋಗಿ, ಮತ್ತೆ ಕೆರೆಯ ಹಾಗೆ ಬಿದ್ದುಕೊಂಡಿತು. ಆಮೇಲೆ ಬೊಬ್ಬೆ. ನಮ್ಮ ಮನೆಯಲ್ಲಿ ಬೊಬ್ಬೆ ಅಂದರೆ ಎಲ್ಲರಿಗೂ ಗೊತ್ತಿರುವುದು ಒಂದೇ. ಆಚೆ ದಂಡೆ ಕಾಣದ ಆ ನೀರಿನ ಮೇಲಿಂದ ನನ್ನದೇ ಧ್ವನಿ, ಗಿರಣಿ ಬಾಗಿಲಲ್ಲಿ ನಿಂತು ಕೂಗುವ ಹಾಗೆ, "ಹಿಟ್ಟು ಒಯ್ಯಾಕ ಬರ್ರೋ" ಎಂದು ಕೂಗಿತು.

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೋನಪ್ಪನ ಮನೆಗೂ ಹೋಗಿ ಹೇಳಿ ಬಂದರು. ದುಂಡವ್ವ ನಗಲಿಲ್ಲ. ಹ್ಯಾಂಡಲ್ ಹಿಡಿದು ಗುಳ್ಳೆ ಎದ್ದ ಅಂಗೈಗಳನ್ನು ನೋಡಿಕೊಳ್ಳುತ್ತ, "ಅಷ್ಟು ದೂರ ಹೋಗಿ ನಿನ್ನ ಬಾಯಿನ ಕೇಳಬೇಕೇನು ವೈನಿ?" ಎಂದಳು.

"ನನ್ನ ಬಾಯಿಗೇನಾಗೇತಿ? ಇನ್ನೊಮ್ಮಿ ಕೂಡ್ರೂಣು. ನೀರು ಭಾಳ ಸಲ ಬಂತು ಅನ್ನೂಣು."

"ಎಷ್ಟು ಸಲ?"

"ಎಷ್ಟು ಬೇಕೋ ಅಷ್ಟು."

"ನನಗ ಬೇಕಾದಷ್ಟು ಬಂದ್ರ ಅದು ನಂದು ಆತು. ಅದರದ್ದು ಎಷ್ಟು?"

ಉತ್ತರ ಹೊಳೆಯದಿದ್ದರೆ ನನಗೆ ಸಿಟ್ಟು ಬರುತ್ತದೆ. ಹೋಗಿ ರೊಟ್ಟಿ ಮಾಡು ಎಂದೆ.

ಹೀಗಾಗಿ ಬಸಿ ಮುರಿದ ಆ ಬೆಳಿಗ್ಗೆ ಅವಳು ಸಮುದ್ರವನ್ನು ಹೇಳದೆ ಬಿಡೋಣ ಎಂದು ಹೊಸ ಮಾತು ತೆಗೆದದ್ದು. ನಾವು ಹೇಳುವುದರಿಂದಲೇ ಅದು ಹಾಗಾಗುತ್ತದೆ, ನಾವು ಸುಮ್ಮನಿದ್ದರೆ ಅದು ತನ್ನ ಹಾಗೆ ಇರಬಹುದು ಎಂಬುದು ಅವಳ ಲೆಕ್ಕ. ಹೇಳದ್ದು ಇರುವುದಿಲ್ಲ ಎಂಬುದು ನನ್ನ ಲೆಕ್ಕ. ಊರಿನ ಮಕ್ಕಳಿಗೂ ಗೊತ್ತಿರುವುದು ಅದು.

"ಹೇಳದ್ದು ಇರಂಗಿಲ್ಲ ಅಂತ ಯಾರು ನೋಡ್ಯಾರ? ಮರತವರು ಅದಾರ. ಬೇಕಂತ ಬಿಟ್ಟವರು ಯಾರಾರ ಅದಾರೇನು?" ಎಂದಳು.

ಏನಾಗುತ್ತದೋ ನೋಡಬೇಕು ಅಂತ ನನಗೂ ಅನ್ನಿಸಿತ್ತು. ಅದನ್ನು ಅವಳಿಗೆ ತೋರಿಸಿಕೊಳ್ಳಬಾರದಲ್ಲ. "ಪೆಟ್ರೋಲ್ ಹಾಳಾತು ಅಂದ್ರ ಮುಂದಿನ ಸಲ ನೀನ ಹಾಕಸಬೇಕು," ಎಂದೆ. ಹ್ಞೂಂ ಅಂದಳು. ಯಜಮಾನರು ಕಣ್ಣು ತೆರೆದು ನೆಟ್ಟಗೆ ಕೂತರು. ಕೂತೆವು.

ಅವತ್ತು ಹೇಳಿದಷ್ಟು ಚೆನ್ನಾಗಿ ನಾವು ಯಾವತ್ತೂ ಹೇಳಿರಲಿಲ್ಲ. ಊರು ಬಿಟ್ಟು ಜೋಳದ ಹೊಲಗಳ ನಡುವಿನ ದಾರಿ. ಹಕ್ಕಿ ಹೆದರಿಸಲು ಕಟ್ಟಿದ ಡಬ್ಬಿಗಳು ಗಾಳಿಗೆ ಬಡಿದುಕೊಳ್ಳುತ್ತಿದ್ದವು. ಗುಡ್ಡದ ಬುಡದಲ್ಲಿ ಮೊದಲ ಚಹಾ. ಮೊದಲ ಏರಿನಲ್ಲಿ ಗಾಡಿ ಕೆಮ್ಮಿತು, ಎರಡನೇ ಗೇರಿಗೆ ಇಳಿಸಿದೆ. ಅತ್ತೆಯ ಮಂಜು ಗಲ್ಲ ಒರೆಸಿತು. ದುಂಡವ್ವ ಒಂದು ಹೊಸದನ್ನು ಸೇರಿಸಿದಳು: ತಿರುವಿನಲ್ಲಿ ಬಂಡೆಯ ಮೇಲೆ ಒಂದು ಕೆಂದಳಿಲು ಕೂತು ನಮ್ಮನ್ನು ನೋಡಿ ಬಾಲ ಎತ್ತಿತು. ಯಜಮಾನರು ಅದಕ್ಕೊಂದು ಹಲಸಿನ ತೊಳೆ ಕೊಟ್ಟರು. ಘಟ್ಟದ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು. ಇಳಿಯುವಾಗ ದುಂಡವ್ವ ಹೊಡೆದಳು. ಈ ಸಲ ನಾನು ಬಯ್ಯಲಿಲ್ಲ. ಬಯ್ಯುವ ಹಾಗೆ ಹೊಡೆಯಲಿಲ್ಲ. ಗಾಳಿ ಬೆಚ್ಚಗಾಯಿತು, ಕುತ್ತಿಗೆ ಬೆವರಿತು. ತೆಂಗಿನ ಗಿಡಗಳು ಬಂದವು. ಗಾಡಿ ನಿಂತಿತು.

ಅಲ್ಲಿ ಸುಮ್ಮನಾದೆವು. ಪಡಸಾಲೆಯಲ್ಲಿ ಮೂರು ಜನ ಬಾಯಿ ಮುಚ್ಚಿ ಕೂತದ್ದು ಆ ಮನೆಯ ಗೋಡೆಗಳಿಗೂ ಹೊಸದು. ಏನಾದರೂ ಅನ್ನಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ದುಂಡವ್ವ ಕಣ್ಣು ಮುಚ್ಚಿ ಮುಖ ಸ್ವಲ್ಪ ಎತ್ತಿ ಕೂತಿದ್ದಳು, ಯಾರೋ ಕರೆಯುತ್ತಾರೆ ಎಂದು ಕಾಯುವವಳ ಹಾಗೆ. ಕೊನೆಗೆ ಅವಳೇ ಕಣ್ಣು ತೆರೆದು ಮೆಲ್ಲಗೆ, "ತಿರುಗಿ ಹೊಂಟ್ವಿ," ಎಂದಳು. ಬರುವ ದಾರಿಯನ್ನು ಯಜಮಾನರು ಹೇಳಿ ಮುಗಿಸಿದರು. ಸ್ಟ್ಯಾಂಡ್ ಹಾಕಿದೆವು. 'ಸೈ' ಅಂದೆವು.

ತೆಂಗಿನ ಸಾಲಿನಾಚೆ ಏನೂ ಇರಲಿಲ್ಲ. ಕತ್ತಲೆಯೂ ಅಲ್ಲ, ಬೆಳಕೂ ಅಲ್ಲ. ತೆಂಗಿನ ಗಿಡಗಳು ಎಡಕ್ಕಿದ್ದವು, ಆಮೇಲೆ ಬಲಕ್ಕಿದ್ದವು. ನಡುವೆ, ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುತ್ತದಲ್ಲ, ಹಾಗೆ ಮನಸ್ಸು ಅಲ್ಲಿಗೆ ಹೋಗಿ ಹೋಗಿ ಬರುತ್ತಿತ್ತು. ದುಂಡವ್ವ ಚಪ್ಪಲಿ ಬಿಚ್ಚಿ ಕೊಡವಿದಳು. ಕೆಂಪು ಮಣ್ಣು ಉದುರಿತು, ಮರಳು ಉದುರಲಿಲ್ಲ.

"ಹೇಳಿದ್ದೆ," ಎಂದೆ. ಗೆದ್ದ ಖುಷಿ ಬರಬೇಕಿತ್ತು, ಬರಲಿಲ್ಲ. "ಹೇಳಿದ್ನೋ ಇಲ್ಲೋ? ಟಾಕಿ ಖಾಲಿ. ಹಾಕಸು ಈಗ."

"ಹಾಕಸ್ತೀನಿ. ಕೀಲಿ ಕೊಡು."

"ಈಗ ಯಾಕ? ಮತ್ತ ಕೂಡ್ರಾಕ ಕರೆಂಟ್ ಇನ್ನೊಂದ ಸಲ ಹೋಗಬೇಕಲ್ಲ."

"ಕೂಡ್ರಂಗಿಲ್ಲ ವೈನಿ. ಹೊಂಟೀನಿ."

ಅವಳು ಏನು ಹೇಳುತ್ತಿದ್ದಾಳೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಯಜಮಾನರಿಗೆ ನನಗಿಂತ ಮೊದಲೇ ತಿಳಿಯಿತು. ಅವರು ಎದ್ದು ನಿಂತರು. "ಗಾಲಿ ಮ್ಯಾಲ ಹೋಗ್ತೀಯಾ? ಖರೇನ?" ಎಂದು ಕೇಳಿದರು. ಹ್ಞೂಂ ಎಂದಳು.

"ಹುಚ್ಚು ಹಿಡದೈತಿ ಇಕಿಗೆ," ಎಂದೆ. "ಆ ದಾರಿಯಾಗ ಏನೈತೋ ಯಾರಿಗೆ ಗೊತ್ತು? ಅಲ್ಲಿ ಸೇತುವಿ ಐತೋ ಇಲ್ಲೋ. ತಿರುವು ನಾವು ಅಂದಂಗ ಅದಾವೋ, ಇಲ್ಲಾ ಕಂದಕ ಐತೋ. ಹೇಳಿಲ್ಲದ ದಾರಿಯಾಗ ಏನಿರತೈತಿ?"

"ಗೊತ್ತಿಲ್ಲ. ಅದಕ್ಕ ಹೊಂಟೀನಿ."

"ಚಹಾದಂಗಡಿ ಇರಲಿಕ್ಕಿಲ್ಲ ದುಂಡಿ," ಎಂದರು ಯಜಮಾನರು. ಅವರಿಗೆ ಅದಕ್ಕಿಂತ ದೊಡ್ಡ ಗಂಡಾಂತರ ಹೊಳೆಯಲಿಲ್ಲ.

"ಇಲ್ಲದಿದ್ರ ಬಿಡು ಅಣ್ಣಾ. ನೀರು ಕುಡೀತೀನಿ."

"ಏ, ಸೀದಾ ಕೇಳತೀನಿ," ಎಂದು ನಾನು ಅವಳ ರಟ್ಟೆ ಹಿಡಿದೆ. "ಹೋಗಿ ಅದು ನಮ್ಮ ಕೆರಿಯಂಗ ಬಿದ್ದಿದ್ರ ಏನ ಮಾಡ್ತಿ? ಆ ಡ್ರೈವರ ಸುಳ್ಳ ಹೇಳಿದ್ರ?"

"ಕೆರಿಯಂಗ ಬಿದ್ದಿತ್ತು ಅಂತ ನೋಡಿದಂಗಾತು."

"ತಿರುಗಿ ಬರೂದು? ತಿರುಗಿ ಬರೂದು ಯಾರು ಹೇಳಬೇಕು?"

ಅವಳು ನನ್ನ ಕೈ ಬಿಡಿಸಿಕೊಳ್ಳಲಿಲ್ಲ. "ನೀನೂ ಬಾ ವೈನಿ," ಎಂದಳು. "ಏರು ನೀ ಹೊಡಿ, ಇಳಕಲು ನಾ ಹೊಡೀತೀನಿ."

"ಗಿರಣಿ ಯಾರು ನೋಡಬೇಕು? ಶೆಟ್ಟರ ಮನಿದು ಗೋಧಿ ಹಂಗ ಬಿದ್ದೈತಿ. ಜ್ವಾಳ ಐತಿ. ನಾಳಿಗೆ ಕರೆಂಟ್ ಬರತೈತಿ."

"ಗಿರಣಿ ಅನ್ನಬ್ಯಾಡ. ಅಂಜಿಕಿ ಅನ್ನು."

ನನಗೆ ಯಾರೂ ಹಾಗೆ ಅಂದದ್ದಿಲ್ಲ. ಊರಿನ ಗಂಡಸರು ನನ್ನ ಕಣ್ಣಿಗೆ ಕಣ್ಣು ಕೊಟ್ಟು ಹಿಟ್ಟಿನ ತೂಕ ಕೇಳುವುದಿಲ್ಲ. ಸೊಂಟದಿಂದ ಕೀಲಿ ಕಿತ್ತು ಅವಳ ಎದೆಗೆ ಎಸೆದೆ. "ಹೋಗು. ಹೋಗಿ ಹಾಳಾಗಿ ಹೋಗು. ಬಿದ್ದ ಕೈಕಾಲು ಮುರಕೊಂಡು ಬಂದ್ರ ಈ ಮನಿ ಬಾಗಿಲ ತೆಗೆಯಂಗಿಲ್ಲ."

ಅವಳು ಕೀಲಿ ಎತ್ತಿಕೊಂಡಳು. ಒಳಗೆ ಹೋಗಿ ಒಂದು ಸೀರೆ, ಒಂದು ಕಂಬಳಿ ಕಟ್ಟಿಕೊಂಡಳು. ಬುತ್ತಿ ಕಟ್ಟಲು ಹೋದರೆ ರೊಟ್ಟಿ ಇರಲಿಲ್ಲ. ಘಟ್ಟದ ನೆತ್ತಿಯಲ್ಲಿ ಮೂವರೂ ತಿಂದು ಮುಗಿಸಿದ್ದೆವು. ಯಜಮಾನರು ಚುರುಮುರಿ ಬೆಲ್ಲ ಪೊಟ್ಟಣ ಕಟ್ಟಿಕೊಟ್ಟರು. ಬಂಕಿನವರೆಗೆ ಅವರೇ ಗಾಡಿ ನೂಕಿಕೊಂಡು ಹೋದರು. ಅವಳು ಪಕ್ಕಕ್ಕೆ ನಡೆದಳು. ನಾನು ಹೋಗಬಾರದು ಎಂದುಕೊಂಡು ಹಿಂದೆ ಹಿಂದೆ ಹೋದೆ.

ಪೆಟ್ರೋಲ್ ಹಾಕಿಸಿದ ಮೇಲೆ ಅವಳು ಕಿಕ್ ಹೊಡೆದಳು. ಚಾಲೂ ಆಗಲಿಲ್ಲ. ಮತ್ತೆ ಹೊಡೆದಳು. ಆ ಗಾಡಿಗೆ ಹೇಗೆ ಒದೆಯಬೇಕು ಎಂಬುದು ದಾರಿಗೆ ಕೂತಾಗ ಯಾರೂ ಹೇಳುವುದಿಲ್ಲ. ಚಾಲೂ ಆಯಿತು ಅಂದರೆ ಆಗುತ್ತದೆ. ನೋಡಿ ನೋಡಿ ನನಗೆ ತಡೆಯಲಿಲ್ಲ. "ಸರಿ ಅತ್ಲಾಗ, ಗಾಡಿ ಕೊಲ್ಲತೀಯೇನು?" ಎಂದು ಅವಳನ್ನು ನೂಕಿ, ಸೀರೆ ಎತ್ತಿ ಸಿಕ್ಕಿಸಿ, ಒಂದೇ ಏಟಿಗೆ ಒದ್ದೆ. ಚಾಲೂ ಆಯಿತು. "ತಣ್ಣಗಿದ್ದಾಗ ಚೋಕ್ ಎಳಿ. ಏರಿನ್ಯಾಗ ಬುರುಬುರು ಅಂದ್ರ ನಿಲ್ಲಸು, ಗಾಡಿ ಬೈದ್ರ ಕೇಳಂಗಿಲ್ಲ," ಎಂದೆ. ಅವಳು ಹತ್ತಿ ಕೂತಳು. ನನ್ನ ಮುಖ ನೋಡಿ, "ನಿನ್ನಂಗ," ಎಂದಳು.

ಅಷ್ಟರಲ್ಲಿ ಜನ ಸೇರಿದ್ದರು. ಪಡುವಣ ದಾರಿಯ ಮೇಲೆ ಹೆಂಗಸರು ಮೆಣಸಿನಕಾಯಿ ಹರವಿದ್ದರು. ಆ ದಾರಿ ಇದ್ದದ್ದೇ ಅದಕ್ಕೆ. ಏನು, ಯಾಕೆ ಎಂದು ಕೇಳಿ ತಿಳಿದುಕೊಂಡು, ಅವರು ಕಸಬರಿಗೆಯಿಂದ ಮೆಣಸಿನಕಾಯಿ ಒಂದು ಬದಿಗೆ ಸರಿಸಿದರು. ಹೋಗುವವರಿಗೆ ಏನು ಹೇಳಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ. ನಮ್ಮೂರಲ್ಲಿ ಅದಕ್ಕೆ ಮಾತೇ ಇಲ್ಲ. ಮೋನಪ್ಪ ಕೈ ಎತ್ತಿ, ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ. ಯಜಮಾನರು ಮಾತ್ರ ತಂಗಿಯ ಬೆನ್ನು ಮುಟ್ಟಿ, "ಸೈ," ಎಂದರು. ಅವರ ಬಾಯಿಗೆ ಬಂದದ್ದು ಅದೊಂದೇ.

ಅವಳು ಹೊರಟಳು. ಮೊದಲು ಸ್ವಲ್ಪ ಓಲಾಡಿದಳು, ಆಮೇಲೆ ನೆಟ್ಟಗಾದಳು. ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಸೀನಿದೆವು. ಸೀನಿ ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ಅವಳು ಜೋಳದ ಹೊಲಗಳ ನಡುವೆ ಹೋಗಿಬಿಟ್ಟಿದ್ದಳು. ಆ ಹೊಲಗಳು ಅಲ್ಲಿ ಇದ್ದವು. ಅಷ್ಟನ್ನು ನಾನು ಕಣ್ಣಾರೆ ಕಂಡೆ. ಅದರಾಚೆಯದು ಕಾಣಲಿಲ್ಲ.

ಸಂಜೆ ಬರಲಿಲ್ಲ. ಮರುದಿನ ಬರಲಿಲ್ಲ. ಕರೆಂಟ್ ಬಂತು, ಹೋಯಿತು, ಬಂತು. ಶೆಟ್ಟರ ಗೋಧಿ ಬೀಸಿ ಕೊಟ್ಟೆ. ಹಿಟ್ಟನ್ನು ತಲೆಯ ಮೇಲೆ ಹೊತ್ತು ಒಯ್ಯುತ್ತಿದ್ದೇನೆ. ಹೋದಲ್ಲೆಲ್ಲ ಹೆಂಗಸರು ಕೇಳುತ್ತಾರೆ, ಏನಾತಂತ, ಏನ ಕಂಡ್ಳಂತ. ಬದುಕಿದ್ದಾಳೋ ಎಂದು ಅವರು ಕೇಳುವುದಿಲ್ಲ, ಏನು ಕಂಡಳು ಎಂದೇ ಕೇಳುತ್ತಾರೆ. ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅವರನ್ನೇ ತಿರುಗಿ ಕೇಳುತ್ತೇನೆ, ನಿಮಗೇನನ್ನಿಸುತ್ತದೆ ಎಂದು. ಒಬ್ಬೊಬ್ಬರು ಒಂದೊಂದು ಅನ್ನುತ್ತಾರೆ. ಶೆಟ್ಟರ ಸೊಸೆ, ಅದಕ್ಕೊಂದು ವಾಸನೆ ಇರಬೇಕು ಅಂದಳು. ಎಂಥ ವಾಸನೆ ಎಂದರೆ, ನಮಗೆ ಗೊತ್ತಿಲ್ಲದ್ದು ಎಂದಳು.

ಒಂದು ದಿನ ಯಜಮಾನರು ಮೋನಪ್ಪನ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದರು. ಪೆಟ್ರೋಲ್ ಹಾಕಿಸಿದ್ದರು. "ಕಸ್ತೂರಿ, ಬಾ. ನಾವಿಬ್ರೂ ದಾರಿಗೆ ಕೂಡ್ರೂಣು," ಎಂದರು. "ದಂಡಿ ಮ್ಯಾಲ ದುಂಡಿ ಸಿಕ್ಳು ಅನ್ನೂಣು. ಹೆಂಗದಿ ಅಂತ ಕೇಳೂಣು. ಏನ ಕಂಡಿ ಅಂತ ಕೇಳಿ ಬರೂಣು. ನನಗ ನಿದ್ದಿ ಬರವೊಲ್ದು."

ಕೂತೆ. ಯಾಕೆ ಕೂರಬಾರದು? ನನಗೂ ನಿದ್ದೆ ಬರುತ್ತಿರಲಿಲ್ಲ. ಜೋಳದ ಹೊಲ ದಾಟಿದೆವು. ಘಟ್ಟ ಹತ್ತಿದೆವು. ಎಲ್ಲೂ ಚಹಾಕ್ಕೆ ನಿಲ್ಲಿಸಲಿಲ್ಲ. ಅವರೇ ಬೇಡ ಎಂದರು. ಇಳಿದೆವು. ತೆಂಗಿನ ಗಿಡಗಳು ಬಂದವು. "ಅಕಾ ಅಲ್ಲಿ," ಎಂದರು ಯಜಮಾನರು, ಪಡಸಾಲೆಯ ಗೋಡೆಯ ಕಡೆ ಕೈ ಮಾಡಿ. "ನಮ್ಮ ದುಂಡವ್ವ ನಿಂತಾಳ. ಗಾಡಿನೂ ಐತಿ. ನಮ್ಮನ್ನ ತಬ್ಬಿಕೊಂಡಾಳ. ಕೇಳು ಕಸ್ತೂರಿ, ಏನ ಕಂಡಿ ಅಂತ ಕೇಳು."

"ಏನ ಕಂಡ್ಯೇ?" ಎಂದೆ.

ಯಜಮಾನರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅವಳು ಏನೆಂದಳು ಎಂಬುದನ್ನು ಇಬ್ಬರಲ್ಲಿ ಒಬ್ಬರು ಹೇಳಬೇಕಿತ್ತು.

"ಹೇಳು. ನೀನ ಹೇಳು," ಎಂದರು. "ನಿನಗ ಆಕಿ ಮಾತು ಗೊತ್ತಿರತೈತಿ. ದಿನಾ ಜಗಳ ಆಡಿದಾಕಿ ನೀನು. ಸಮುದ್ರ ಹಂಗಿತ್ತು, ಹಿಂಗಿತ್ತು, ನಾ ಆರಾಮ ಅದೀನಿ ಅಂದ್ಳು ಅನ್ನು. ಅಷ್ಟ ಸಾಕು. 'ಸೈ' ಅನ್ನೂಣು."

ನನ್ನ ಬಾಯಿಗೆ ಮಾತು ಬಂದದ್ದು ನಿಜ. ನಾಲಿಗೆಯ ತುದಿಯಲ್ಲಿತ್ತು. ಆರಾಮ ಅದೀನಿ ವೈನಿ, ಎನ್ನಿಸುವುದೊಂದು ಬಾಕಿ. 'ಸೈ' ಅಂದಿದ್ದರೆ ಅವಳು ಅಂದೇ ಇರುತ್ತಿದ್ದಳು, ಆ ಧ್ವನಿ ನನ್ನ ಕಿವಿಯಲ್ಲಿ ಸಾಯುವ ತನಕ ಇರುತ್ತಿತ್ತು.

ನಾನು ಎದ್ದೆ. "ನಾ ಹೇಳಿದ್ದನ್ನ ಆಕಿ ಯಾವಾಗ ಅಂದಾಳ್ರಿ?" ಎಂದೆ. "ಇಷ್ಟು ವರ್ಷದಾಗ ಒಂದ ದಿನ ಹ್ಞೂಂ ವೈನಿ ಅಂದಾಳೇನು? ಎದುರು ಮಾತಾಡದ ದುಂಡವ್ವನ್ನ ತಗೊಂಡು ಏನ ಮಾಡೂದೈತಿ?"

"ಹಂಗಾದ್ರ ಏನ ಮಾಡೂದು?" ಎಂದು ಅವರು ಕೂತಲ್ಲಿಂದಲೇ ಕೇಳಿದರು.

ಏನು ಮಾಡುವುದೋ ನನಗೂ ಗೊತ್ತಿಲ್ಲ. ಮೋನಪ್ಪನ ಗಾಡಿ ಅವನಿಗೆ ಕೊಟ್ಟು ಬನ್ನಿ ಎಂದೆ. 'ಸೈ' ಅಂದಿರಲಿಲ್ಲವಲ್ಲ, ಪೆಟ್ರೋಲ್ ಹಾಗೆಯೇ ಇತ್ತು, ಮೀಟರು ತಿರುಗಿರಲಿಲ್ಲ. ನಾನು ಹೋಗಿ ಗಿರಣಿ ಬಾಗಿಲು ತೆಗೆದೆ. ದುಂಡವ್ವ ಇವತ್ತಿನವರೆಗೂ ಬಂದಿಲ್ಲ.